ಹವಾಲ್ದಾರ್ ಮುನಿಶಾಮಪ್ಪನ ಶನಿವಾರ

ಹಿಮದ ಮೇಲೆ ಓಡುವುದನ್ನು ಕಲಿಸುತ್ತಿದ್ದ ಮುನಿಶಾಮಪ್ಪನಿಗೆ ಚಳಿಯೆಂದರೆ ಆಗುತ್ತಿರಲಿಲ್ಲ. ದೀಪಾವಳಿಗೆ ತಲೆಗೇರಿದ ಮಂಕಿ ಟೋಪಿ ಶಿವರಾತ್ರಿ ಕಳೆದರೂ ಇಳಿಯುತ್ತಿರಲಿಲ್ಲ. ಮಾವು ಕಾಯಿ ಕಚ್ಚುವ ಹೊತ್ತಿಗೆ ಗೌನಿಪಲ್ಲಿಯಲ್ಲಿ ನಾವೆಲ್ಲ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ, ಈ ಮನುಷ್ಯ ಸ್ವೆಟರ್ ಹಾಕಿಕೊಂಡು ಟೀ ಅಂಗಡಿಯ ಒಲೆಯ ಪಕ್ಕದಲ್ಲಿ ಕೂತಿರುತ್ತಿದ್ದ.

"ಮಿಲ್ಟ್ರೀಲಿ ಅಷ್ಟು ವರ್ಷ ಹಿಮದ ಮೇಲೆ ಹೆಂಗಿದ್ಯೋ?" ಎಂದು ಕೇಳಿದ್ದೆ.

"ಒಂದು ಜನ್ಮದ ಚಳಿಯೆಲ್ಲ ಅಲ್ಲೇ ಮುಗಿಸ್ಕೊಂಡ್ ಬಂದೆ ಅಕ್ಕಯ್ಯ. ಇನ್ನು ನನ್ನ ಕೈಲಾಗಲ್ಲ" ಅಂದ.

ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಗಿಡ್ಡ, ಹೊಟ್ಟೆ ಗುಂಡಗೆ, ಮೀಸೆ ಮಾತ್ರ ಆರಡಿ ಆಳಿನದು. ಸೈನ್ಯದಲ್ಲಿ ಉತ್ತರದ ಬೆಟ್ಟಗಳಲ್ಲಿದ್ದಾಗ ಸ್ಕೀ ಕಲಿತವನು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು, ಹಿಮದ ಮೇಲೆ ಮೈಲಿಗಟ್ಟಲೆ ಓಡುವ ಆಟ ಅದು. ಬೆಟ್ಟದ ತುದಿಯಿಂದ ಸುಮ್ಮನೆ ಜಾರಿಕೊಂಡು ಬರುವುದಲ್ಲ, ಏರನ್ನೂ ಹತ್ತಬೇಕು. ಪಿಂಚಣಿಗೆ ಬಂದಾಗ ಅವನು ಟ್ರಂಕಿನ ಜೊತೆಗೆ ಎರಡು ಜೊತೆ ಗಾಲಿ ಸ್ಕೀ ತಂದಿದ್ದ. ಹಿಮ ಇಲ್ಲದ ಕಡೆ ಟಾರು ರಸ್ತೆಯ ಮೇಲೆ ಅಭ್ಯಾಸ ಮಾಡಲು ಪಟ್ಟಿಗೆ ಹಿಂದೆ ಮುಂದೆ ಚಕ್ರ ಹಾಕಿರುತ್ತಾರೆ.

ಹೈಸ್ಕೂಲು ಮಕ್ಕಳನ್ನು ಕೂಡಿಹಾಕಿಕೊಂಡು ಕಲಿಸಲು ಶುರುಮಾಡಿದ. ಮೊದಲನೇ ವಾರ ಬೇಕಾದಷ್ಟು ಮಕ್ಕಳು. ಮೊಣಕಾಲು ತರಚಿದ ಮೇಲೆ ಅರ್ಧ ಉಳಿದರು. ಬೆಳಗ್ಗೆ ಐದಕ್ಕೆ ಏಳಬೇಕು ಅಂದ ಮೇಲೆ ನನ್ನ ಮೊಮ್ಮಗಳು ಸುಮ ಒಬ್ಬಳೇ ಉಳಿದಳು. ಅವಳದ್ದು ಭಕ್ತಿಯೇನಲ್ಲ, ಹಟ. ಬಿದ್ದಾಗ ಯಾರೋ ನಕ್ಕಿದ್ದರು, ಅಷ್ಟೇ.

ಅವರಿಬ್ಬರೂ ಶ್ರೀನಿವಾಸಪುರದ ರಸ್ತೆಯಲ್ಲಿ ಕೋಲು ಊರುತ್ತಾ ಹೊರಟರೆ ಮಾವಿನ ಮಂಡಿಗೆ ಹೊರಟ ಟ್ರ್ಯಾಕ್ಟರಿನವರು ನಿಲ್ಲಿಸಿಕೊಂಡು ನೋಡುತ್ತಿದ್ದರು. "ಹವಾಲ್ದಾರ್ರೇ, ನಮ್ಮೂರಲ್ಲಿ ಐಸ್ ಕ್ಯಾಂಡಿ ಬಿಟ್ರೆ ಬೇರೆ ಐಸ್ ಎಲ್ಲಿದೆ ತೋರ್ಸಿ ನೋಡೋಣ?" ಎಂದು ಛೇಡಿಸುತ್ತಿದ್ದರು.

"ದೇವ್ರನ್ನ ನೋಡಿದೀಯೇನ್ಲಾ? ಆದ್ರೂ ಕೈ ಮುಗೀತೀಯಲ್ಲ. ಹಿಮಾನೂ ಹಂಗೇ. ನಂಬಿ ಓಡ್ತಾ ಇರ್ಬೇಕು" ಅನ್ನುತ್ತಿದ್ದ.

ಅವನ ಬಾಯಲ್ಲಿ ಮೂರು ಭಾಷೆ. ಸಿಟ್ಟು ಬಂದರೆ ತೆಲುಗು, ಮಿಲ್ಟ್ರಿ ಹೆಮ್ಮೆ ಬಂದರೆ ಹಿಂದಿ, ಊಟದ ಮಾತು ಬಂದರೆ ಮಾತ್ರ ಕನ್ನಡ. ನಮ್ಮ ಅಡಿಗೆಮನೆ ಬಾಗಿಲಿಗೆ ಬಂದು ನಿಂತರೆ ಅಪ್ಪಟ ಕನ್ನಡಿಗ.

ಕಲಿಸುವ ರೀತಿಯೂ ಅಷ್ಟೇ. ಒಂದು ದಿನ ಅಂಗಳದಲ್ಲಿ ಸುಮಳಿಗೆ ಹೇಳುತ್ತಿದ್ದ: "ಕೋಲನ್ನ ಬರೀ ಕೈಯಿಂದ ತಳ್ಬೇಡ. ಹೊಟ್ಟೆಯಿಂದ ತಳ್ಳು. ನಿಮ್ಮಜ್ಜಿ ಮುದ್ದೆ ಕೋಲು ತಿರುವ್ತಾರಲ್ಲ, ಹಂಗೆ."

ನಾನು ಒಳಗಿನಿಂದ ಕೇಳಿಸಿಕೊಂಡೆ. "ಲೇ ಮುನಿಶಾಮಿ, ಮುದ್ದೆ ತಿರುವೋದು ಹೊಟ್ಟೆಯಿಂದ ಅಂತ ಯಾರೋ ಹೇಳಿದ್ದು? ಭುಜದಿಂದ ಕಣೋ. ನೀನು ಯಾವತ್ತಾದ್ರೂ ತಿರುವಿದೀಯಾ?"

"ಇಲ್ಲಕ್ಕಯ್ಯ. ತಿಂದಿದೀನಿ. ಅದಕ್ಕೇ ಹೊಟ್ಟೆ ಅಂದೆ."

ಬಾ ಇಲ್ಲಿ ಎಂದು ಕರೆದು ಕೋಲು ಕೈಗೆ ಕೊಟ್ಟೆ. ಮಡಕೆಯನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡು ನಾಲ್ಕು ಸುತ್ತು ತಿರುವಿದ. ಹಿಟ್ಟು ಗಂಟಾಯಿತು, ಇವನ ಮೀಸೆ ಬೆವರಿತು. ಮಾರನೇ ದಿನದಿಂದ ಸುಮಳಿಗೆ "ಭುಜ, ಭುಜ" ಎಂದು ಕೂಗತೊಡಗಿದ. ಎಷ್ಟೋ ದಿನ ಆದ ಮೇಲೆ ಗೊತ್ತಾಯಿತು, ಆ ಆಟದಲ್ಲಿ ನಿಜವಾಗಿ ಹೊಟ್ಟೆಯಿಂದಲೇ ತಳ್ಳಬೇಕಂತೆ. ಅವನು ಹೇಳಿದ್ದೇ ಸರಿ ಇತ್ತು; ನನಗೆ ಹೆದರಿ ತಪ್ಪು ಕಲಿಸಿದ್ದ.

ಅವನು ಸುಮಳನ್ನು ಉತ್ತರದ ಬೆಟ್ಟಗಳ ಕಡೆಗೆ ಪಂದ್ಯಕ್ಕೆ ಕರೆದುಕೊಂಡು ಹೋದ. ಅವಳು ಗೆಲ್ಲಲಿಲ್ಲ, ಆದರೆ ಆಟಗಾರರನ್ನು ಆರಿಸುವವರ ಕಣ್ಣಿಗೆ ಬಿದ್ದಳು. ಬೇಸಿಗೆಯಲ್ಲಿ ಹೊರದೇಶದಲ್ಲಿ ತರಬೇತಿ ಇದೆ, ಬನ್ನಿ ಎಂದು ಕರೆ ಬಂತು. ಬೇಸಿಗೆಯಲ್ಲಿ ಯಾಕೆ ಹಿಮದ ಆಟ ಎಂದು ಕೇಳಿದ್ದಕ್ಕೆ ಮುನಿಶಾಮಪ್ಪ ಹೇಳಿದ್ದು: "ಇದು ಬೇಸಾಯ ಇದ್ದಂಗೆ ಅಕ್ಕಯ್ಯ. ಬೇಸಿಗೇಲಿ ಉತ್ರೆ ಚಳಿಗಾಲದಲ್ಲಿ ಕೊಯ್ಲು. ಉಳದೇ ಇರೋನು ಚಳಿಗಾಲದಲ್ಲಿ ಬರೀ ಹಿಮ ನೋಡ್ಕೊಂಡ್ ಬರ್ಬೇಕು."

ನಮ್ಮ ದೇಶದಿಂದ ನಾಲ್ಕು ಹುಡುಗಿಯರು. ಕೊನೆಯಲ್ಲಿ ಒಂದು ಪಂದ್ಯ. ಮೊದಲ ಇಬ್ಬರು ಚಳಿಗಾಲದವರೆಗೂ ಅಲ್ಲೇ ಉಳಿದು ದೊಡ್ಡ ಪಂದ್ಯಗಳಿಗೆ ತಯಾರಾಗುತ್ತಾರೆ, ಇನ್ನಿಬ್ಬರು ಮನೆಗೆ. ಸುಮ ಆ ಮೊದಲ ಇಬ್ಬರಲ್ಲಿ ಒಬ್ಬಳಾಗಬೇಕಿತ್ತು. ಅದಕ್ಕಾಗಿ ಹರಕೆ ಹೊತ್ತು ಅವಳೂ ಗುರುವಿನ ಹಾಗೆ ಶನಿವಾರದ ವ್ರತ ಹಿಡಿದಿದ್ದಳು. ಮುನಿಶಾಮಪ್ಪ ತಿರುಪತಿ ವೆಂಕಟರಮಣನ ಒಕ್ಕಲು. ಶನಿವಾರ ಹಗಲೆಲ್ಲ ನೀರು ಮಾತ್ರ. ಸೂರ್ಯ ಮುಳುಗಿ, ದೀಪ ಹಚ್ಚಿ, ಕೈ ಮುಗಿದ ಮೇಲೆಯೇ ಊಟ.

ಹುಡುಗಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ, ಮನೆಯ ಹೆಂಗಸೊಬ್ಬಳು ಜೊತೆಗಿರಬೇಕು ಅಂದರು. ಅವಳಮ್ಮನಿಗೆ, ಅಂದರೆ ನನ್ನ ಸೊಸೆಗೆ, ಅಂಗನವಾಡಿಯಲ್ಲಿ ರಜೆ ಸಿಗಲಿಲ್ಲ. ನಾನು ರಾಗಿ ಹಿಟ್ಟು, ಉಪ್ಪಿನಕಾಯಿ, ಮುದ್ದೆ ಕೋಲು ಕಟ್ಟಿಕೊಂಡು ಗುರು ಶಿಷ್ಯೆಯರ ಜೊತೆ ವಿಮಾನ ಹತ್ತಿದೆ.

ಆ ಉತ್ತರದ ದೇಶದಲ್ಲಿ ನೆಲದ ಮೇಲೆ ಹಿಮ ಇರಲಿಲ್ಲ. ಹುಲ್ಲು, ಮರ, ಸೊಳ್ಳೆ. ಹಿಮವನ್ನು ಉದ್ದನೆಯ ಸುರಂಗದೊಳಗೆ ಇಟ್ಟಿದ್ದರು. ನಮ್ಮ ಕಡೆ ತರಕಾರಿ ಇಡುವ ಕೋಲ್ಡ್ ಸ್ಟೋರೇಜ್ ಇದೆಯಲ್ಲ, ಅದನ್ನೇ ಹಾವಿನ ಹಾಗೆ ಎಳೆದು ಉದ್ದ ಮಾಡಿ ಒಳಗೆ ಹಿಮ ಹಾಸಿದರೆ ಹೇಗೋ ಹಾಗೆ. ಬೆಳಗ್ಗೆ ಹುಡುಗಿಯರು ಅದರೊಳಗೆ ಓಡುವುದು. ಮಧ್ಯಾಹ್ನ ಹೊರಗೆ ಗಾಲಿ ಸ್ಕೀ ಹಾಕಿಕೊಂಡು ಗುಡ್ಡ ಹತ್ತುವುದು. ಕಲಿಸುವವಳು ಆ ದೇಶದ ಹೆಂಗಸು, ತೆಂಗಿನ ಮರದಂತೆ ಎತ್ತರ, ಮಾತು ಕಡಿಮೆ. ನಾವು ಕೋಚಮ್ಮ ಅನ್ನುತ್ತಿದ್ದೆವು. ಮುನಿಶಾಮಪ್ಪ ಅವಳ ಪಕ್ಕದಲ್ಲಿ ಎರಡು ಸ್ವೆಟರ್, ಟೋಪಿ, ಮೇಲೊಂದು ಕಂಬಳಿ ಹೊದ್ದು ನಿಂತಿರುತ್ತಿದ್ದ. ಕೋಚಮ್ಮ ನನ್ನನ್ನು ಸನ್ನೆ ಮಾಡಿ ಕೇಳಿದಳು, ಇವನಿಗೆ ಕಾಯಿಲೆಯೇ ಎಂದು. ಇಲ್ಲ, ಹಿಮದ ಗುರು ಎಂದು ಹೇಗೆ ಸನ್ನೆ ಮಾಡುವುದು?

ಎಲ್ಲಕ್ಕಿಂತ ದೊಡ್ಡ ತೊಂದರೆ ಸೂರ್ಯನದು. ಆ ಊರಲ್ಲಿ ಆ ತಿಂಗಳು ಅವನು ಮುಳುಗುವುದೇ ಇಲ್ಲ. ಕೆಳಗೆ ಬಂದ ಹಾಗೆ ಮಾಡುತ್ತಾನೆ, ಮತ್ತೆ ಮೇಲೆ ಹೋಗುತ್ತಾನೆ. ಈ ಸಂಗತಿ ಮುನಿಶಾಮಪ್ಪನಿಗೆ ಹೊಳೆದದ್ದು ಮೊದಲನೇ ಶನಿವಾರ, ಹೊಟ್ಟೆ ಖಾಲಿ ಇಟ್ಟುಕೊಂಡು ಕಿಟಕಿಯ ಮುಂದೆ ಕೂತ ಮೇಲೆ. ಸುಮ ಆ ವಾರ ಮುಟ್ಟಾಗಿದ್ದಳು, ಅವಳಿಗೆ ವ್ರತ ಇರಲಿಲ್ಲ. ಇವನು ಮಾತ್ರ ಕಾದ.

"ಈಗ ಮುಳುಗ್ತಾನೆ ನೋಡಕ್ಕಯ್ಯ, ಕೆಂಪಗಾದ."

"ಕೆಂಪಗಾಗಿದ್ದು ನಿನ್ನ ಕಣ್ಣು. ತಿಂದು ಮಲಕ್ಕೋ."

ಕೇಳಲಿಲ್ಲ. ಭಾನುವಾರವೂ ಹಾಗೇ ಸುರಂಗಕ್ಕೆ ಹೋದ. ಹುಡುಗಿಯರಿಗೆ "ಚಲೋ ಚಲೋ" ಎಂದು ಕೈ ಎತ್ತಿದವನು ಹಿಟ್ಟಿನ ಮೂಟೆಯಂತೆ ಕೂತುಬಿಟ್ಟ. ಚಳಿ ಹೊಡೆದಿದೆ ಎಂದುಕೊಂಡು ಕೋಚಮ್ಮ ಅವನನ್ನು ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿದಳು. ಬಿರಿಯಾನಿ ಪಾರ್ಸಲ್ ಮಾಡಿದ ಹಾಗಿತ್ತು. ಬಾಯಿಗೆ ಏನೋ ಕೆಂಪು ಹಣ್ಣಿನ ಬಿಸಿ ಪಾನಕ ಹಿಡಿದಳು. ಕಣ್ಣು ಮುಚ್ಚಿಕೊಂಡು ಮೂರು ಲೋಟ ಕುಡಿದ. ಆಮೇಲೆ ನನಗೆ ಹೇಳಿದ್ದು: "ಅದು ಔಷಧಿ. ಔಷಧಿಗೆ ದೋಷ ಇಲ್ಲ."

ಇದೆಲ್ಲ ನಗುವ ಮಾತು. ನಗಲಾಗದ ಮಾತು ಏನೆಂದರೆ, ಪಂದ್ಯ ಇದ್ದದ್ದು ಮುಂದಿನ ಭಾನುವಾರ ಬೆಳಗ್ಗೆ. ಅದರ ಹಿಂದಿನ ದಿನ ಶನಿವಾರ, ಸುಮಳಿಗೂ ವ್ರತ. ಉಪವಾಸದ ಹೊಟ್ಟೆಯಲ್ಲಿ ಓಡಿದರೆ ಮೊದಲ ಇಬ್ಬರ ಮಾತಿರಲಿ, ಕೊನೆ ಮುಟ್ಟುವುದೇ ಅನುಮಾನ.

ಶನಿವಾರ ಮಧ್ಯಾಹ್ನ ಮುದ್ದೆ ಮಾಡಿಟ್ಟು ಕರೆದೆ. ಸುಮ ಗುರುವಿನ ಮುಖ ನೋಡಿದಳು. ಗುರು ಕಿಟಕಿ ನೋಡಿದ.

"ಸ್ವಾಮಿ ಏನಾದ್ರೂ ದಾರಿ ತೋರಿಸ್ತಾನೆ ಅಕ್ಕಯ್ಯ" ಅಂದ.

"ನಿಮ್ಮ ಸ್ವಾಮಿ ಎಲ್ಲಿರ್ತಾನೋ?"

"ತಿರುಪತಿ ಬೆಟ್ಟದ ಮೇಲೆ."

"ಅಲ್ಲಿ ಈಗ ಕತ್ತಲಾಗಿದೆಯೋ ಇಲ್ವೋ?"

 ನಾನು ಸುಮಳ ಕೈಲಿ ಸೊಸೆಗೆ ಫೋನು ಹಚ್ಚಿಸಿದೆ. "ಈಗ ತಾನೆ ದೀಪ ಹಚ್ಚಿದೆ ಅತ್ತೆ, ಹಸು ಒಳಗೆ ಕಟ್ಟಕ್ಕೆ ಹೊರಟಿದ್ದೆ. ಯಾಕೆ?" ಅಂದಳು.

"ಕೇಳಿಸ್ತೇನೋ?" ಅಂದೆ.

"ಅದು ಊರಿನ ಸೂರ್ಯ" ಅಂದ ಮುನಿಶಾಮಪ್ಪ.

"ಊರಿಗೊಬ್ಬ ಸೂರ್ಯ ಇದ್ದಾನೇನ್ಲಾ? ಹರಕೆ ಹೊತ್ತಿದ್ದು ಎಲ್ಲಿ? ಗೌನಿಪಲ್ಲೀಲಿ. ಅಲ್ಲಿ ಮುಳುಗಿದ್ರೆ ಮುಗೀತು."

ಅವನು ಬಹಳ ಹೊತ್ತು ಮೀಸೆ ಕಚ್ಚಿದ. ಆಮೇಲೆ ಹೋಗಿ ಕಾಲು ತೊಳೆದುಕೊಂಡು ಬಂದ. ತಿರುಪತಿ ಯಾವ ದಿಕ್ಕಿಗೆ ಎಂದು ಗೊತ್ತಾಗದೆ ನಾಲ್ಕು ದಿಕ್ಕಿಗೂ ಕೈ ಮುಗಿದ. "ತಪ್ಪೋ ಒಪ್ಪೋ ನಂಗೊತ್ತಿಲ್ಲ ಸ್ವಾಮಿ. ಈ ಮಗೂ ತಪ್ಪು ನನ್ನ ತಲೆಗೆ ಹಾಕು. ಅವಳ ಪಾಲಿಗೆ ನಾಳೆ ಸಾಯಂಕಾಲದವರೆಗೂ ನಾನೇ ಉಪವಾಸ ಇರ್ತೀನಿ" ಅಂದು, ಸುಮಳ ಕಡೆ ತಿರುಗಿ ಗದರಿಸಿದ: "ಏನ್ ನೋಡ್ತೀಯೇ? ತಿನ್ನು!"

ಸುಮ ಎರಡು ಮುದ್ದೆ ನುಂಗಿದಳು. ಇವನು ಎದುರಿಗೆ ಕೂತು ಒಂದೊಂದು ತುತ್ತನ್ನೂ ಕಣ್ಣಲ್ಲೇ ಅಳೆದ.

"ಸಾರು ಇನ್ನೊಂಚೂರು ಹಾಕಕ್ಕಯ್ಯ ಅವಳಿಗೆ."

"ನೀನು ಮೊದ್ಲು ಆ ಕಡೆ ತಿರುಗಿ ಕೂತ್ಕೊ. ಜೊಲ್ಲು ಸುರೀತಿದೆ."

ಬೆಳಗ್ಗೆ ಸುರಂಗದಲ್ಲಿ ಪಂದ್ಯ. ಒಬ್ಬೊಬ್ಬರನ್ನೇ ಬಿಡುತ್ತಾರೆ, ಗಡಿಯಾರ ನೋಡಿ ಯಾರು ಬೇಗ ಎಂದು ಹೇಳುತ್ತಾರೆ. ಮುನಿಶಾಮಪ್ಪ ಏರು ಶುರುವಾಗುವ ಕಡೆ ಗೋಡೆಗೆ ಒರಗಿ ನಿಂತಿದ್ದ. ಸ್ವಂತ ಕಾಲ ಮೇಲೆ ನಿಲ್ಲುವ ಶಕ್ತಿ ಇರಲಿಲ್ಲ. ನಾನು ಪಕ್ಕದಲ್ಲಿ ಅವನ ರಟ್ಟೆ ಹಿಡಿದುಕೊಂಡಿದ್ದೆ. ಸುಮ ತಿರುವಿನಲ್ಲಿ ಬಂದಳು, ನಮ್ಮ ಕಣ್ಣೆದುರೇ ಎಡವಿ ಬಿದ್ದಳು.  ಇವನಿಗೆ ಎಲ್ಲಿಂದ ಬಂತೋ ಆ ದನಿ.

"ಪದವೇ! ಪದ! ಗಾಡಿದಾ, ಲೇಯವೇ!" ಎಂದು ಶುರುವಾಯಿತು ತೆಲುಗು. ನಡಿಯೇ, ಕತ್ತೆ, ಏಳೇ ಎಂದು ಅರ್ಥ. ಮುಂದಿನದನ್ನು ನಾನು ಬರೆಯುವುದಿಲ್ಲ. ಸುರಂಗವೆಲ್ಲ ಮೊಳಗಿತು. ಸುಮ ಎದ್ದು ಕೋಲು ಊರಿ ಏರು ಹತ್ತಿದಳು. ಅವಳ ಹಿಂದೆ ಬರುತ್ತಿದ್ದ ಬೆಟ್ಟದ ಕಡೆಯ ಹುಡುಗಿ, ತೆಲುಗು ಒಂದಕ್ಷರ ತಿಳಿಯದವಳು, ಅವಳೂ ಹೆದರಿ ಜೋರಾಗಿ ಓಡಿದಳು.

ಅದೇ ಭಯ ನನಗೆ. ಇವನ ಬೈಗುಳಕ್ಕೆ ಆ ಹುಡುಗಿಯೇ ಗೆದ್ದುಬಿಟ್ಟರೆ? ಗೆದ್ದಳು ಕೂಡ. ಆದರೆ ಸುಮ ಎರಡನೆಯವಳು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಅಂತರದಲ್ಲಿ ಮೂರನೆಯವಳು ಹಿಂದೆ ಉಳಿದಳು.

ಆ ದಿನ ಮಧ್ಯಾಹ್ನ ಸೊಸೆಗೆ ಫೋನು ಮಾಡಿಸೋಣವೆಂದು ಹೋದರೆ, ಮುನಿಶಾಮಪ್ಪ ಆಗಲೇ ಹೆಂಡತಿಗೆ ಫೋನು ಹಚ್ಚಿದ್ದ. "ದೀಪ ಹಚ್ಚಿದ್ಯೇನೇ? ಇನ್ನೂ ಇಲ್ವಾ? ಬೇಗ ಹಚ್ಚೇ ಮಾರಾಯ್ತಿ, ಪ್ರಾಣ ಹೋಗ್ತಾ ಇದೆ!" ಅನ್ನುತ್ತಿದ್ದ.

ಗೆದ್ದದ್ದರ ಬೆಲೆ ಗೊತ್ತಾದದ್ದು ಹೊರಡುವ ದಿನ. ಸುಮ ಅಲ್ಲೇ ಕೋಚಮ್ಮನ ಮನೆಯಲ್ಲಿ ಉಳಿಯುತ್ತಾಳೆ, ಹಾಗಾಗಿ ನಾನು ಜೊತೆಗಿರಬೇಕಿಲ್ಲ; ಇನ್ನು ಮುಂದೆ ಕೋಚಮ್ಮನೇ ಅವಳ ಗುರು. ಮುನಿಶಾಮಪ್ಪನಿಗೆ ಇದ್ದದ್ದು ಒಬ್ಬಳೇ ಶಿಷ್ಯೆ. ಅವನು ನನ್ನ ಹತ್ತಿರ ಒಂದು ಬಟ್ಟಲು ಹಾಲು ಕೇಳಿದ.

"ಕುಡಿಯಕ್ಕಾ?"

"ಅಲ್ಲಕ್ಕಯ್ಯ. ಒಪ್ಪಿಸಿಕೊಡಕ್ಕೆ."

ಮದುವೆಯಲ್ಲಿ ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಶಾಸ್ತ್ರ ಇದೆಯಲ್ಲ, ಅದು. ಸುಮಳ ಕೈಯನ್ನು ಹಾಲಲ್ಲಿ ಅದ್ದಿಸಿ ಕೋಚಮ್ಮನ ಅಂಗೈ ಮೇಲೆ ಇಡಿಸಿದ. ಅವಳು ಬೆರಗಾಗಿ ನಿಂತಿದ್ದಳು, ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಇವನು ಅಟೆನ್ಷನ್ನಿನಲ್ಲಿ ನಿಂತು ಹೇಳಿದ, ಅದೂ ಕನ್ನಡದಲ್ಲಿ.

"ನಮ್ಮ ಹುಡುಗಿ ಮೇಡಂ. ಎಡಗಾಲು ಸೋಂಬೇರಿ. ಹೊಗಳಿದ್ರೆ ನಿಂತ್ಬಿಡ್ತಾಳೆ, ಬೈದ್ರೆ ಓಡ್ತಾಳೆ. ಸುಳ್ಳು ಹೇಳಲ್ಲ, ಆದ್ರೆ ನೋವಿದ್ರೆ ಹೇಳಲ್ಲ, ನೀವೇ ಕೇಳ್ಬೇಕು. ತಪ್ಪು ಮಾಡಿದ್ರೆ ಹೊಟ್ಟೇಲಿ ಹಾಕ್ಕೊಳ್ಳಿ."

ಸುಮ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಏನೋ ಹೇಳಿದಳು.

"ಏಯ್, ನಾನು ಅಷ್ಟುದ್ದ ಹೇಳಿದೆ, ನೀನು ಇಷ್ಟೇ ಹೇಳ್ದೆ. ಸೋಂಬೇರಿ ಅಂದ್ಯಾ?"

"ಅಂದೆ ಸಾರ್."

"ಇನ್ನೊಂದ್ಸಲ ಅನ್ನು."

ಕೋಚಮ್ಮ ನಕ್ಕಳು. ಹಾಲಾದ ಕೈಯಲ್ಲೇ ಅವನಿಗೆ ಸೆಲ್ಯೂಟ್ ಹೊಡೆದಳು. ಅವನೂ ಹೊಡೆದ. ವಿಮಾನದಲ್ಲಿ ಊರಿನವರೆಗೂ ಒಂದು ಮಾತಾಡಲಿಲ್ಲ. ಊಟ ಕೊಟ್ಟಾಗ ಮಾತ್ರ "ಉಪ್ಪಿನಕಾಯಿ ಇದೆಯಾ ಅಕ್ಕಯ್ಯ?" ಅಂದ.

ಮುನಿಶಾಮಪ್ಪ ಆ ಕಾರ್ತಿಕದಲ್ಲಿ ಹೋದ. ಎದೆ ನೋವು ಎಂದವನನ್ನು ಕೋಲಾರಕ್ಕೆ ಸಾಗಿಸುವಷ್ಟರಲ್ಲಿ ಮುಗಿದಿತ್ತು. ಸುಮಳಿಗೆ ಯಾರು ಹೇಳುವುದು ಎಂದು ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಫೋನು ತೆಗೆದುಕೊಂಡು ನಾನೇ ಹೇಳಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವಳು ಅತ್ತಳು. 

"ಬಂದ್ಬಿಡ್ತೀನಿ ಅಜ್ಜಿ" ಅಂದಳು.

"ಬಂದು? ಮಣ್ಣು ಮಾಡಿ ಆಯ್ತು. ನಿಂಗೆ ಇವತ್ತು ಪ್ರಾಕ್ಟೀಸ್ ಇಲ್ವಾ?"

"ಇದೆ. ಕಾಲೇ ಏಳ್ತಿಲ್ಲ ಅಜ್ಜಿ. ಸಾರ್ ಇದ್ದಿದ್ರೆ..."

"ಇದ್ದಿದ್ರೆ ಏನ್ ಮಾಡ್ತಿದ್ದ?"

"ಬೈತಿದ್ರು."

ಮನೆಯವರೆಲ್ಲ ಸುತ್ತ ನಿಂತಿದ್ದರು, ಮುನಿಶಾಮಪ್ಪನ ಹೆಂಡತಿಯೂ ಇದ್ದಳು. ನನಗೆ ಅವನಷ್ಟು ಚೆನ್ನಾಗಿ ತೆಲುಗು ಬರುವುದಿಲ್ಲ. ಬಂದಷ್ಟರಲ್ಲಿ ಬೈದೆ.