ಪೆನ್ಸಿಲ್ ಗುರುತಿಗೆ ಕಾಲಂ ಇರಲಿಲ್ಲ

...ಹಸಿರು ಶಾಯಿಯಲ್ಲಿ ಬರೆದೆ ಎಂದೇ ನೆನಪು, ಆದರೆ ಅದು ಸಾಧ್ಯವಿಲ್ಲ. ನಮ್ಮಲ್ಲಿ ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳಿಗೆ ಮೀಸಲು, ನಾನು ಆಗಿನ್ನೂ ಸೂಪರಿಂಟೆಂಡೆಂಟ್. ಹಾಗಾದರೆ ನೀಲಿಯೇ ಇರಬೇಕು. ಮೊದಲ ಸಾಲೇ ಹೀಗೆ ಜಾರುತ್ತಿರುವಾಗ ಉಳಿದದ್ದನ್ನು ಎಷ್ಟು ನಂಬಬೇಕೋ ನನಗೂ ತಿಳಿಯದು. ಗುತ್ತಿಗೆದಾರರಿಗೆ ನಾನು ಹಾಕಿದ ಅಂಕಗಳು ಮಾತ್ರ ಗಟ್ಟಿಯಾಗಿ ನೆನಪಿವೆ. ಸಮಯಪಾಲನೆಗೆ ನಾಲ್ಕು, ತರಬೇತಿಗೆ ನಾಲ್ಕು, ನಡವಳಿಕೆಗೆ ಮೂರು, ಕೆಲಸದ ಗುಣಮಟ್ಟಕ್ಕೆ ಎರಡು. ಐದಕ್ಕೆ ಎರಡು.

ಎಂಬತ್ತರ ದಶಕದ ಕೊನೆ ಇರಬೇಕು, ಅಥವಾ ಅದರ ಆಚೆಯ ಒಂದೆರಡು ವರ್ಷ. ಧಾರವಾಡದಿಂದ ವರ್ಗವಾಗಿ ಬಂದ ನಾನು ವಿಶಾಖಪಟ್ಟಣದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದೆ. ನೌಕರರಿಗೆ ಕ್ವಾರ್ಟರ್ಸ್ ಹಂಚುವುದು ನಮ್ಮ ವಿಭಾಗದ ಕೆಲಸ. ಯಾರ ಸರದಿ ಮೊದಲು, ಯಾರದು ಆಮೇಲೆ ಎಂಬುದೆಲ್ಲ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ದೊಡ್ಡ ಪುಸ್ತಕದಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು.

ಆದೇಶ ಬರುವ ಮೊದಲೇ ನಾನು ಅದನ್ನು ಮಾಡಿದ್ದೆ. ಸಂಜೆಯ ಕ್ಲಾಸಿಗೆ ಹೋಗಿ ಕಲಿತು, ಸರದಿ ಪಟ್ಟಿಯ ಒಂದು ಸಣ್ಣ ಪ್ರೋಗ್ರಾಂ ಬರೆದು, ಫ್ಲಾಪಿಯಲ್ಲಿ ಹಾಕಿ ಸಾಹೇಬರ ಮುಂದಿಟ್ಟಿದ್ದೆ. ಅವರು "ವೆರಿ ಗುಡ್, ವೆರಿ ಗುಡ್" ಎಂದು ಅದರ ಮೇಲೆ ಚಹಾದ ಕಪ್ಪಿಟ್ಟರು. ಕಪ್ಪು ನಿಜವಾಗಿ ಅದರ ಮೇಲೆಯೇ ಇತ್ತೋ, ಪಕ್ಕದಲ್ಲಿತ್ತೋ. ಇಷ್ಟು ವರ್ಷ ಅದನ್ನು ಫ್ಲಾಪಿಯ ಮೇಲೆಯೇ ಇಟ್ಟುಕೊಂಡು ಬಂದಿದ್ದೇನೆ. ಕೆಲಸ ಟೆಂಡರಿನಲ್ಲಿ ವಿಜಯವಾಡದ ಒಂದು ಕಂಪನಿಗೆ ಹೋಯಿತು.

"ನೀವ ಮೊದಲ ಮಾಡಿದ್ರಲ್ರೀ ಅದನ್ನ?" ಎಂದಳು ಹೆಂಡತಿ.

"ಸರ್ಕಾರದಾಗ ನಮ್ಮ ಮಂದಿ ಮಾಡಿದ್ದು ನಡ್ಯೂದಿಲ್ಲ. ಟೆಂಡರ್ ಹಾಕಿದವರು ಮಾಡಬೇಕು."

"ಹಂಗಾದ್ರ ನಾಳೆಯಿಂದ ಮನ್ಯಾಗಿನ ಚಾಕ್ಕೂ ಟೆಂಡರ್ ಕರೀರಿ. ನಾನೂ ನಿಮ್ಮ ಮಂದೀನ."

ನನ್ನನ್ನು ಸುಮ್ಮನಿರಿಸಲು ಸಾಹೇಬರು ನನಗೆ ಎರಡು ಕೆಲಸ ಕೊಟ್ಟರು. ಪ್ರೋಗ್ರಾಂ ಏನೇನು ಮಾಡಬೇಕೆಂಬ ಅಗತ್ಯಗಳ ಪಟ್ಟಿ ಬರೆದು ಕೊಡುವುದು ಒಂದು. ಕೆಲಸ ಮುಗಿದ ಮೇಲೆ ಗುತ್ತಿಗೆದಾರರಿಗೆ ಅಂಕ ಹಾಕುವುದು ಇನ್ನೊಂದು. ಪ್ರಶ್ನೆಪತ್ರಿಕೆ ಬರೆದವನೇ ಉತ್ತರಪತ್ರಿಕೆ ತಿದ್ದುವ ಏರ್ಪಾಡು. ಅದರಲ್ಲಿ ತಪ್ಪಿದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಕಂಪನಿ ಕಳಿಸಿದ ಎಂಜಿನಿಯರ್ ನನಗಿಂತ ಎಂಟು ಹತ್ತು ವರ್ಷ ಚಿಕ್ಕವನು. ಮನೆ ವಿಜಯವಾಡದ ಪಟಮಟದಲ್ಲಿ, ಹೆಂಡತಿ ಅಲ್ಲಿಯೇ ಶಾಲೆಯ ಟೀಚರ್. ಇವನು ವಿಶಾಖಪಟ್ಟಣದ ಲಾಡ್ಜಿನಲ್ಲಿ ತಿಂಗಳುಗಟ್ಟಲೆ ಇದ್ದ. ಇದೇ ಕೆಲಸದ ಎರಡನೇ ಹಂತ ನಮ್ಮ ವಿಜಯವಾಡ ಕಚೇರಿಯಲ್ಲಿ ನಡೆಯಲಿತ್ತು. ಮೊದಲ ಹಂತಕ್ಕೆ ಒಳ್ಳೆಯ ಅಂಕ ಬಂದರೆ ಅದೂ ಅವರ ಕಂಪನಿಗೇ. ಹಾಗಾದರೆ ಅವನು ಮನೆಯಿಂದಲೇ ಕೆಲಸಕ್ಕೆ ಹೋಗಬಹುದು. ಇಲ್ಲವಾದರೆ ಕಂಪನಿ ಭುವನೇಶ್ವರಕ್ಕೆ ಕಳಿಸುತ್ತದೆ. ಇದನ್ನು ಮೊದಲ ವಾರದಲ್ಲೇ ನನಗೆ ಮುಚ್ಚುಮರೆಯಿಲ್ಲದೆ ಹೇಳಿದ್ದ. ಹೇಳಬಾರದಿತ್ತು.

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಅವನು ಒಳಗಿದ್ದಾಗ ಬಾಗಿಲ ಹೊರಗೆ ಏಳೆಂಟು ಜೊತೆ, ನಾನು ಒಳಗಿದ್ದಾಗ ನನ್ನದೊಂದೇ. ನಾನು ಎಣಿಸುತ್ತಿದ್ದೆ. ಪುಸ್ತಕ ನೋಡಿಕೊಳ್ಳುತ್ತಿದ್ದ ಹೆಡ್ ಕ್ಲರ್ಕ್, ಯಾರಿಗೂ ಒಂದು ವೀಳ್ಯದೆಲೆ ಕೊಡದ ಮನುಷ್ಯ, ಅವನಿಗೆ ಮನೆಯಿಂದ ಪೆಸರಟ್ಟು ದೋಸೆ ತರುತ್ತಿದ್ದರು. ಪ್ರಿಂಟರ್ ಕಿರಗುಟ್ಟಿದರೆ ಸಾಹೇಬರೇ ಕುರ್ಚಿ ಬಿಟ್ಟು ಎದ್ದು ಬರುತ್ತಿದ್ದರು.

ಒಂದು ಭಾನುವಾರ ಅವನನ್ನು ಊಟಕ್ಕೆ ಕರೆದೆ. ಕರೆದದ್ದು ಹೆಂಡತಿಯೋ ನಾನೋ. ಮೂರನೇ ತರಗತಿಯ ನನ್ನ ಮಗಳು, ನಾನು ಕನ್ನಡದಲ್ಲಿ ಕೇಳಿದರೆ ಒಂದು ಪದದಲ್ಲಿ ಮುಗಿಸುವವಳು, ಅವನೊಂದಿಗೆ ತೆಲುಗಿನಲ್ಲಿ ಒಂದು ತಾಸು ಮಾತಾಡಿದಳು. ನನಗೆ ಅರ್ಧವೂ ದಕ್ಕಲಿಲ್ಲ.

"ಏಮಂದಿ?" ಎಂದು ಹರಕು ತೆಲುಗಿನಲ್ಲಿ ನಾನು ನನ್ನ ಮಗಳ ಮಾತನ್ನು ಅವನ ಬಳಿ ಕೇಳಬೇಕಾಯಿತು.

"ಮೀ ಗುರಿಂಚೇ ಸಾರ್. ಡ್ಯಾಡಿ ಕೂಡ ಕಂಪ್ಯೂಟರ್ ಪ್ರೋಗ್ರಾಂ ರಾಶಾರಂಟ ಕದಾ! ನಾಕು ಚೂಪಿಂಚಂಡಿ."

ನಾನೂ ಪ್ರೋಗ್ರಾಂ ಬರೆದಿದ್ದೇನೆಂದು ಅವಳು ಹೇಳಿದ್ದಳು. ಅವನಿಗೆ ನೋಡಬೇಕಿತ್ತು. ಮರುದಿನ ಕಚೇರಿಯಲ್ಲಿ ಫ್ಲಾಪಿ ಹಾಕಿ ತೋರಿಸಿದೆ. ಅವನು ಸಾಲು ಸಾಲಾಗಿ ಓದಿ, ಒಂದು ಕಡೆ ಬೆರಳಿಟ್ಟು, "ಇದಿ ನೇನು ಇಂತ ಬಾಗಾ ರಾಯಲೇದು ಸಾರ್" ಎಂದ. ತಾನು ಇಷ್ಟು ಚೆನ್ನಾಗಿ ಬರೆದಿಲ್ಲವಂತೆ. ಗೇಲಿ ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಈಗ ಪೆನ್ಸಿಲಿನ ವಿಷಯ. ಕ್ವಾರ್ಟರ್ಸ್ ಮಂಜೂರಾದವನು ಬೇಡವೆಂದರೆ ಅವನ ಹೆಸರು ಪಟ್ಟಿಯ ಕೊನೆಗೆ ಹೋಗಬೇಕೆಂಬುದು ನಿಯಮ. ಆದರೆ ಮಗಳ ಪರೀಕ್ಷೆಯೋ, ಹೆಂಡತಿಯ ಬಾಣಂತನವೋ ಇದ್ದರೆ ಹೆಡ್ ಕ್ಲರ್ಕ್ ಆ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಸೊನ್ನೆ ಸುತ್ತುತ್ತಿದ್ದರು. ಸೊನ್ನೆ ಬಿದ್ದವನ ಸರದಿ ಅಲ್ಲಿಯೇ ನಿಲ್ಲುತ್ತಿತ್ತು, ಮುಂದಿನ ಮನೆ ಖಾಲಿಯಾದಾಗ ಅವನಿಗೇ. ಮನೆ ಸಿಕ್ಕ ಮೇಲೆ ರಬ್ಬರಿನಿಂದ ಒರೆಸಿಬಿಡುತ್ತಿದ್ದರು. ಯಾವ ಸುತ್ತೋಲೆಯಲ್ಲೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನು ಬರೆದ ಅಗತ್ಯಗಳ ಹದಿನಾರು ಪುಟಗಳಲ್ಲಿ ಅದು ಇರಲಿಲ್ಲ. ಹದಿನಾರೋ, ಹದಿನೆಂಟೋ.

ಮೊದಲ ಪಟ್ಟಿ ಪ್ರಿಂಟಾಗಿ ನೋಟಿಸ್ ಬೋರ್ಡಿಗೆ ಬಂದ ದಿನ ಸೊನ್ನೆ ಸುತ್ತಿಸಿಕೊಂಡವರೆಲ್ಲ ಕೊನೆಯ ಹಾಳೆಯಲ್ಲಿದ್ದರು. ಪರವಾಡದ ಕಡೆಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಒಬ್ಬ ಗುಮಾಸ್ತ, ಪುಸ್ತಕದಲ್ಲಿ ಮೂರನೆಯವನಾಗಿದ್ದವನು, ಎಲ್ಲರಿಗಿಂತ ಕೆಳಗೆ ಬಂದಿದ್ದ. ಆತ ಹಾಳೆಯನ್ನು ಕಿತ್ತು ಕಂಪ್ಯೂಟರ್ ಕೋಣೆಗೆ ಚಪ್ಪಲಿ ಸಮೇತ ನುಗ್ಗಿದ.

"ಏಮಯ್ಯಾ, ನೀ ಮೆಷಿನ್‌ಕಿ ಮಾ ಆವಿಡ ಕಾನ್ಪು ತೆಲೀದಾ?"

ತನ್ನ ಹೆಂಡತಿಯ ಹೆರಿಗೆ ನಿನ್ನ ಮೆಷೀನಿಗೆ ಗೊತ್ತಿಲ್ಲವೇ ಎಂಬ ಪ್ರಶ್ನೆಗೆ ಎಂಜಿನಿಯರ್ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. ಹೆಡ್ ಕ್ಲರ್ಕ್ ಕೂಡ ನನ್ನನ್ನೇ ನೋಡಿದರು. "ಅದಿ ಅಂದರಿಕೀ ತೆಲಿಸಿಂದೇ ಕದಂಡೀ" ಎಂದರು ಮೆಲ್ಲಗೆ. ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ. ಸಾಹೇಬರು ಎದ್ದು ಬಂದು, ಕಂಪನಿಯವರಿಗೆ ಕಚೇರಿಯ ಪದ್ಧತಿ ತಿಳಿಯುವ ವ್ಯವಧಾನವೇ ಇಲ್ಲವೆಂದು ಎಲ್ಲರೆದುರು ಕೂಗಾಡಿದರು. ಆ ಕೂಗು ನನಗೆ ಹಿತವಾಗಿತ್ತು. ಇದರಲ್ಲಿ ನೆನಪಿನ ಮೋಸವಿಲ್ಲ.

ಅವನು ನಾಲ್ಕೇ ದಿನದಲ್ಲಿ ಅದನ್ನು ಸರಿಪಡಿಸಿ ಕೊಟ್ಟ. ನಾನು ಗುಣಮಟ್ಟದ ಕಾಲಮಿನಲ್ಲಿ ಎರಡು ಬರೆದು, ಷರಾ ಜಾಗದಲ್ಲಿ "ಬಳಕೆದಾರರ ಅಗತ್ಯಗಳನ್ನು ಅರಿಯುವಲ್ಲಿ ವಿಫಲ" ಎಂದು ಸೇರಿಸಿದೆ.

ಅಂಕಪಟ್ಟಿಗೆ ಗುತ್ತಿಗೆದಾರರ ಸಹಿ ಬೇಕಿತ್ತು. ಅದನ್ನು ಹಿಡಿದು ರೈಲಿನಲ್ಲಿ ವಿಜಯವಾಡಕ್ಕೆ ಹೋದೆ. ಅಂಚೆಯಲ್ಲಿ ಕಳಿಸಬಹುದಿತ್ತು. ಅವರ ಆಫೀಸು ಬೆಂಜ್ ಸರ್ಕಲ್ ಹತ್ತಿರ ಒಂದು ಮೋಟಾರು ಶೋರೂಮಿನ ಮೇಲಿತ್ತು, ಕೆಳಗಿನ ಹಾರ್ನುಗಳಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಕೆಲಸ ಮುಗಿಸಿ ಅಲ್ಲಿಗೆ ಮರಳಿದ್ದ ಅವನು ಮಜ್ಜಿಗೆ ತರಿಸಿದ. ಹಾಳೆಯನ್ನು ಎರಡು ಸಲ ಓದಿದ.

"ಸಾರ್, ಆ ಪೆನ್ಸಿಲ್ ಸಂಗತಿ ಮೀಕು ಮುಂದೇ ತೆಲುಸಾ?"

ಅದು ನನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದ್ದ. "ರೂಲ್ಸಿನಲ್ಲಿ ಅದು ಇಲ್ಲ" ಎಂದೆ. ಅವನ ಭಾಷೆಯಲ್ಲಿ ಕೇಳಿದ್ದಕ್ಕೆ ನನ್ನ ಭಾಷೆಯಲ್ಲಿ ಉತ್ತರ ಕೊಟ್ಟೆ. ಯಾಕೋ.

"ಪರ್ವಾಲೇದು ಸಾರ್" ಎಂದು ಸಹಿ ಹಾಕಿದ. ಆಮೇಲೆ ಬಿಸಿಲು ಜಾಸ್ತಿಯೆಂದು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಟ್ಟ. ದಾರಿಯುದ್ದಕ್ಕೂ ಅವನ ಬೆನ್ನಷ್ಟೇ ನನಗೆ ಕಾಣುತ್ತಿತ್ತು.

ಒಂದು ಸಂಗತಿಯನ್ನು ಇಷ್ಟು ಹೊತ್ತು ಮುಂದೂಡಿದ್ದೇನೆ. ಆಗ ನಾವಿದ್ದ ಕ್ವಾರ್ಟರ್ಸ್ ನನಗೆ ಸಿಕ್ಕಿದ್ದೂ ಸೊನ್ನೆಯಿಂದಲೇ. ಮಗಳ ಅರ್ಧವಾರ್ಷಿಕ ಪರೀಕ್ಷೆಯೆಂದು ಮೊದಲ ಮನೆ ಬೇಡವೆಂದಿದ್ದೆ. ಹೆಡ್ ಕ್ಲರ್ಕ್ ನನ್ನೆದುರೇ ಪೆನ್ಸಿಲ್ ಚೂಪು ಮಾಡಿ ನನ್ನ ಹೆಸರಿನ ಪಕ್ಕ ಸುತ್ತಿದ್ದರು. ಅಗತ್ಯಗಳ ಪಟ್ಟಿಯನ್ನು ನಾನು ಬರೆದದ್ದು ಅದೇ ಮನೆಯ ವರಾಂಡದಲ್ಲಿ ಕುಳಿತು.

ಎರಡನೇ ಹಂತ ಬೇರೆ ಕಂಪನಿಗೆ ಹೋಯಿತು. ನನ್ನ ಎರಡು ಅಂಕದಿಂದಲೋ, ಬೇರೆ ಕಾರಣದಿಂದಲೋ, ಕಡತ ನಾನು ನೋಡಲಿಲ್ಲ. ಅವನು ಭುವನೇಶ್ವರಕ್ಕೆ ಹೋದನೋ, ಪಟಮಟದಲ್ಲೇ ಉಳಿದನೋ ವಿಚಾರಿಸಲಿಲ್ಲ. ಅಗತ್ಯಗಳ ಪಟ್ಟಿ ಬರೆಯುವಾಗ ಆ ಸೊನ್ನೆಯನ್ನು ಮರೆತಿದ್ದೆನೋ, ಬೇಕೆಂದೇ ಬಿಟ್ಟೆನೋ ಎಂದು ಯಾರಾದರೂ ಕೇಳಿದರೆ ಮರೆತೆ ಎನ್ನುತ್ತೇನೆ. ನಿಜ ಯಾವುದೆಂದು ನನಗೆ ಗೊತ್ತಿಲ್ಲ.