ಹರಿಶಿಣ ತೊಳೆಯದ ದಿನಗಳು

ನಮ್ಮಲ್ಲಿ ಹರಿಶಿಣ ಹಚ್ಚಿದ ಮೇಲೆ ಮದುಮಗ ಸೀಮೆ ದಾಟುವ ಹಾಗಿಲ್ಲ. ನನ್ನ ಅಕ್ಕನ ಮಗ ದಾಟಿದ. ಅವನು ಮಿಲಿಟರಿಯವನು. ಸುರಪುರದ ಮನೆಯಲ್ಲಿ ಹರಿಶಿಣ ಹಚ್ಚಿ, ಕೈಗೆ ಕಟಾರಿ ಕೊಟ್ಟು ಕೂರಿಸಿದ ಮಧ್ಯಾಹ್ನವೇ ಫೋನು ಬಂತು. ರಜಾ ರದ್ದು, ಕೂಡಲೇ ಹಾಜರಾಗಬೇಕು. ಗಡಿಯಲ್ಲಿ ಯುದ್ಧ ಹತ್ತುವ ಸುದ್ದಿ ಎರಡು ದಿನದಿಂದ ಟಿವಿಯಲ್ಲಿತ್ತು.

ಎಷ್ಟು ಉಜ್ಜಿಕೊಂಡರೂ ಅವನ ಕೊರಳ ಹಳದಿ ಹೋಗಲಿಲ್ಲ.

"ಹಿಂಗ ಹೋಗು. ಕಾಮಾಲಿ ಆಗೈತಿ ಅಂತ ನಿಮ್ಮ ಸಾಹೇಬ ವಾಪಸ್ ಕಳಸ್ಲಿ," ಎಂದಳು ಅಕ್ಕ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆವು.

ವಡಗೇರಾದ ತವರಿನಲ್ಲಿ ಮದುವೆಯ ಹುಡುಗಿಗೂ ಅದೇ ಬೆಳಿಗ್ಗೆ ಹರಿಶಿಣವಾಗಿತ್ತು. ಮದುವೆ ನಿಂತಿತಲ್ಲ, ಈಗೇನು ಮಾಡುವುದು ಎಂದು ಹಿರಿಯರು ಕೂತರು. ಆಗ ಬಾಯಿ ಬಿಟ್ಟವಳು ನಾನು. "ಹುಡುಗಿ ಹರಿಶಿಣ ತೊಳೀಬ್ಯಾಡ್ರಿ. ಹೊಸ್ತಿಲಾ ದಾಟೂದೂ ಬ್ಯಾಡ. ಅಂವ ಬಂದ ಕೂಡ್ಲೆ ಅಲ್ಲಿಂದಲೇ ಮುಂದ ನಡಸೋಣು."

ನಾಲ್ಕೈದು ದಿನದ ಮಾತು ಅಂದುಕೊಂಡಿದ್ದೆ. ಆ ವಾರವೆಲ್ಲ ತಾಲೂಕು ಕಚೇರಿಯಲ್ಲಿ ನಾನು ಟೈಪ್ ಮಾಡುತ್ತಿದ್ದುದೂ ಯುದ್ಧದ ತಯಾರಿಯ ಅಣಕು ಕವಾಯತಿನ ಪ್ಲಾನನ್ನೇ. ನಾರಾಯಣಪುರದ ಡ್ಯಾಮಿನ ದೀಪ ಯಾರು ಆರಿಸಬೇಕು, ಸ್ಟ್ರೆಚರ್ ಎಲ್ಲಿಡಬೇಕು, ಎಲ್ಲ ಸಾಲಾಗಿ. ಕೊನೆಯ ಸೈರನ್ ಆದ ಮೇಲೆ ಜನ ಮನೆಗೆ ಹೋಗಬಹುದು ಎಂಬುದು ಕಡೆಯ ಸಾಲು. ಯುದ್ಧವೂ ಹಾಗೇ ಮುಗಿಯುತ್ತದೆ ಎಂದು ನಂಬಿಬಿಟ್ಟೆ.

ಕೆಲವೇ ದಿನಗಳಲ್ಲಿ ಕದನ ನಿಂತಿತು ಎಂದು ಟಿವಿ ಹೇಳಿತು. ಅವನು ಬರಲಿಲ್ಲ. ಹುಡುಗಿಗೆ ದಿನಾ ಹೊಸ ಹರಿಶಿಣ ಹಚ್ಚುತ್ತಿದ್ದರು. ಸೀರೆಯ ಅಂಚು ಒಣಗಿ ಕಟಕಟ ಅನ್ನುತ್ತಿತ್ತು. ಅವಳು ಕಡೇಚೂರಿನ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯಿತು, ಎರಡು ಸಲ ಕರೆ ಬಂತು.

"ಅತ್ತಿ, ಮಾರಿ ಮುಚ್ಕೊಂಡು ಬಸ್ಸಿಗೆ ಹೋಗಿ ಬರ್ಲೇನ್ರಿ?" ಎಂದು ನನ್ನನ್ನೇ ಕೇಳಿದಳು.

"ಇನ್ನೊಂದು ವಾರ ತಡಿಯವ್ವ," ಎಂದೆ.

ಆ ವಾರ ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಬಂದಳು.

ಅವನ ಫೋನು ಬಂದದ್ದು ಮಳೆ ಹಿಡಿದ ಮೇಲೆ.

"ಯುದ್ಧ ನಿಂತೈತಲ್ಲೋ, ಬಾರಪ್ಪ," ಎಂದೆ.

"ನಿಮ್ಮ ಟಿವ್ಯಾಗ ನಿಂತೈತಿ ಚಿಗವ್ವ. ಇಲ್ಲಿ ಮುಂದಿನದಕ್ಕ ತಯಾರಿ ನಡದೈತಿ. ಬಂಕರ್ ತೋಡಾಕತ್ತೇವಿ."

"ಹಂಗಾರ ಎಂದ ಬರ್ತಿ?"

"ಅದು ಯಾವ ಪ್ಲಾನಿನಾಗೂ ಬರದಿಲ್ಲ. ಅಕಿಗೆ ಮೈ ತೊಳ್ಕೊ ಅನ್ನು. ಬ್ಯಾರೆ ಕಡೆ ನೋಡ್ಕೊಳ್ಳಿ. ನಾ ಸಿಟ್ಟಾಗಂಗಿಲ್ಲ."

ಹೇಳಲು ನಾನೇ ಹೋದೆ. ತೊಳೆಯಬೇಡಿ ಅಂದವಳು ನಾನೇ ಅಲ್ಲವೇ. ಹುಡುಗಿ ಪೂರ್ತಿ ಕೇಳಿಸಿಕೊಂಡು ಬಚ್ಚಲಿಗೆ ಹೋದಳು. ಉಜ್ಜುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಅವಳ ತಾಯಿ ಇನ್ನೊಂದು ಹಂಡೆ ನೀರು ಕಾಯಿಸಿ ಕೊಟ್ಟಳು. ಹೊರಬಂದಾಗ ಉಗುರಿನ ಸಂದಿಯಲ್ಲಿ ಹಳದಿ ಹಾಗೇ ಇತ್ತು.

"ಈಗ ಹೊರಗ ಹೋಗಬಹುದೇನ್ರಿ, ಅತ್ತಿ?"

"ಹೋಗವ್ವ."

ಹೊಸ್ತಿಲ ತನಕ ಬಂದು ನಿಂತಳು. ದಾರಿಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಎಲ್ಲಿಗಂತ ಹೋಗ್ಲಿ," ಎಂದು ತಿರುಗಿ ಬಂದು, ಮೊರ ಎಳೆದುಕೊಂಡು ಜೋಳ ಹಸನು ಮಾಡತೊಡಗಿದಳು.