ಎರಡು ಬರೆಯದ ಕೈ

ಅಕ್ಕನ ಬಲಗೈ ಮುರಿದ ಸದ್ದು ನನಗೆ ಕೇಳಿಸಿತು. ಒಣಗಿದ ತೊಗರಿಕಡ್ಡಿ ಮುರಿದಂತಿತ್ತು. ಹಾಡಹಗಲು, ಪಂಚಾಯ್ತಿ ಕಚೇರಿಯ ಮುಂದೆ. ಆಕೆ ಕುರಿ ಕಾಯುವ ಮನೆಯವಳು, ನನ್ನ ಹಾಗೇ ಪಂಚಾಯ್ತಿ ಸದಸ್ಯೆ. ನೆಂಟಸ್ತಿಕೆ ಏನಿಲ್ಲ, ಅಕ್ಕ ಅಂತ ಕರೆದು ರೂಢಿ.

ಎಲ್ಲ ಶುರುವಾದದ್ದು ವಿಧಾನ ಪರಿಷತ್ತಿನ ಚುನಾವಣೆಯಿಂದ. ಅದಕ್ಕೆ ಮತ ಹಾಕುವವರು ನಮ್ಮಂಥ ಸದಸ್ಯರು. ಅಲ್ಲಿ ಅಂಕಿ ಬರೆಯಬೇಕು: ಬೇಕಾದವನ ಮುಂದೆ ಒಂದು, ಅವನಾಗದಿದ್ದರೆ ಇನ್ಯಾರು ಅಂತ ಎರಡು, ಮೂರು. ಒಂದನ್ನು ಬರೆಯಲೇಬೇಕು, ಉಳಿದದ್ದು ನಮ್ಮಿಷ್ಟ. ಮತವೇನೋ ಗುಟ್ಟಿನದು, ಆದರೆ ನಮ್ಮೂರ ಮುಖಂಡ ಅದಕ್ಕೂ ಕನ್ನ ಕೊರೆದಿದ್ದ. ನಮ್ಮನ್ನೆಲ್ಲ ಟೆಂಪೋ ಹತ್ತಿಸಿ ಸಿದ್ದರಬೆಟ್ಟಕ್ಕೆ ಒಯ್ದು, ಕರ್ಪೂರ ಮುಟ್ಟಿಸಿ, ತನ್ನ ಕಡೆಯ ಅಭ್ಯರ್ಥಿಗೇ ಮತ ಅಂತ ಆಣೆ ಮಾಡಿಸಿದ. ಆಮೇಲೆ ಒಬ್ಬೊಬ್ಬರ ಕಿವಿಯಲ್ಲೂ ಬೇರೆ ಬೇರೆ ವರಸೆ ಹೇಳಿದ: ಒಂದು ನಮ್ಮವನಿಗೆ, ಎರಡು ಇಂಥವನಿಗೆ, ಮೂರು ಇಂಥವನಿಗೆ. ಎಣಿಕೆಯ ಮೇಜಿನ ಬಳಿ ನಿಂತ ಅವನ ಏಜೆಂಟು ವರಸೆ ನೋಡಿಯೇ ಚೀಟಿ ಯಾರದೆಂದು ಹೇಳಬಲ್ಲ. ಕುರಿಯ ಕಿವಿ ಕತ್ತರಿಸಿ ಗುರುತು ಮಾಡಿದ ಹಾಗೆ. ನನಗೆ ಮೈಯೆಲ್ಲ ಉರಿದುಹೋಗಿತ್ತು.

ತುಮಕೂರಿನಲ್ಲಿ ಎಣಿಕೆಯಾಯಿತು. ಮೊದಲ ಸುತ್ತಿನಲ್ಲಿ ಮುಖಂಡನ ಅಭ್ಯರ್ಥಿಯೇ ಮುಂದಿದ್ದ, ಆದರೆ ಗೆಲ್ಲಲು ಬೇಕಾದಷ್ಟು ಮತ ಯಾರಿಗೂ ಇರಲಿಲ್ಲ. ಎಲ್ಲರಿಗಿಂತ ಕಡಿಮೆ ಬಂದವನನ್ನು ಕೈಬಿಟ್ಟು, ಅವನ ಚೀಟಿಗಳಲ್ಲಿ ಎರಡು ಯಾರಿಗಿತ್ತೋ ಅವರಿಗೆ ಹಂಚಿದರು. ಹೀಗೇ ಒಬ್ಬೊಬ್ಬರನ್ನು ಕೈಬಿಡುತ್ತ ಹೋಗಿ, ಇಬ್ಬರೇ ಉಳಿದಾಗ ಎದುರಾಳಿ ಅವನನ್ನು ದಾಟಿ ಗೆದ್ದ. ಅಕ್ಕನಿಗೆ ಹೇಳಿದ್ದ ವರಸೆ ಯಾವ ಚೀಟಿಯಲ್ಲೂ ಕಾಣಲಿಲ್ಲ ಅಂತ ಏಜೆಂಟು ಸುದ್ದಿ ತಂದ.

ಅಷ್ಟು ಸಾಕಾಯಿತು. ಮುಖಂಡನ ತಮ್ಮ ಆಕೆಯ ಕುರಿರೊಪ್ಪಕ್ಕೆ ನುಗ್ಗಿ ಟಗರಿನ ಕತ್ತು ಕುಯ್ದು ಬಿಸಾಕಿದ. ಕೇಳಲು ಕಚೇರಿಗೆ ಬಂದವಳನ್ನು ಜುಟ್ಟು ಹಿಡಿದು ನೆಲಕ್ಕೆ ಕೆಡವಿ ದೊಣ್ಣೆಯಲ್ಲಿ ಬೆನ್ನಿಗೆ ಬಾರಿಸಿದ. ಆಕೆ ಬಾಯಲ್ಲಿ ತುಂಬಿದ್ದ ರಕ್ತ ಉಗುಳಿ, ಅಲ್ಲೇ ನಿಂತಿದ್ದ ಮುಖಂಡನನ್ನೇ ನೋಡಿದಳು.

"ಒಂದು ನಿಮ್ಮೋನ್ಗೇ ಬರ್ದೀನಿ. ಕರ್ಪೂರ ಮುಟ್ಬುಟ್ಟು ಇನ್ನೊಬ್ಬಂಗೆ ಹೆಂಗೆ ಎರಡು ಬರೀಲಿ?"

"ನಂಗೆ ಕಾಣೋ ಅಂಗೆ ಬರೀಬೇಕಿತ್ತು ಕಣಮ್ಮ," ಅಂದ ಅವನು.

ಆಕೆಯ ಮಾತನ್ನು ಅವನು ನಂಬಿದ್ದ, ಮುಖದಲ್ಲೇ ತಿಳಿಯುತ್ತಿತ್ತು. ನಂಬಿಯೂ ತಮ್ಮನನ್ನು ತಡೆಯಲಿಲ್ಲ. ಮತ್ತೆ ಎತ್ತಿದ ದೊಣ್ಣೆಗೆ ಅಕ್ಕ ಕೈ ಅಡ್ಡ ತಂದಳು, ಮುರಿಯಿತು. ಬಾಗಿಲ ಬಳಿ ಗುದ್ದಲಿ ಇತ್ತು. ಅದರ ಮರದ ಹಿಡಿಯಿಂದ ನಾನು ಮುಖಂಡನ ಮೊಣಕಾಲಿಗೆ ಬೀಸಿದೆ. ಬಿದ್ದವನ ಮೇಲೆ ಇನ್ನಷ್ಟು ಹಾಕಿದೆ. ನನ್ನ ಮೇಲೆ ಕೇಸಿದೆ, ನಡೆಯಲಿ.

ಸಿರಾ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ ಅಕ್ಕ, ತನ್ನಿಂದಲೇ ಮುಖಂಡನ ಕಡೆಯವನು ಸೋತನೇನೋ ಎಂದು ಕೇಳಿದಳು. ಏಟಿಗಿಂತ ಆ ಅನುಮಾನವೇ ಆಕೆಯನ್ನು ತಿನ್ನುತ್ತಿತ್ತು. ಇಲ್ಲ ಅಂದೆ. ಒಂದು ಪಡೆದವನು ಕಣದಲ್ಲಿರುವ ತನಕ ಆ ಚೀಟಿಯ ಎರಡು, ಮೂರನ್ನು ಯಾರೂ ಎಣಿಸುವುದಿಲ್ಲ. ಅವನು ಕೊನೆಯ ಸುತ್ತಿನ ತನಕ ಇದ್ದ. ಆಕೆಯ ಚೀಟಿಯೂ ಅವನ ಕಟ್ಟಿನಲ್ಲೇ ಇತ್ತು. ಹೇಳಿದ ವರಸೆ ಬರೆದಿದ್ದರೂ ಫಲಿತಾಂಶ ಕೂದಲಷ್ಟೂ ಅಲುಗುತ್ತಿರಲಿಲ್ಲ.

ಅಕ್ಕ ಪಟ್ಟಿ ಹಾಕಿದ ಕೈಯನ್ನು ನೋಡಿಕೊಂಡಳು.

"ಅಂಗಾರೆ, ಯಾರೂ ಎಣಿಸ್ದೇ ಇರೋ ಅಂಕೀಗೆ ನನ್ ಕೈ ಮುರುದ್ರಾ?"

ಹೂಂ ಅಂದೆ. ಅವಳು ಗೋಡೆಯ ಕಡೆ ತಿರುಗಿ, ಅಷ್ಟೆಲ್ಲ ಆದಮೇಲೆ ಮೊದಲ ಸಲ ಅತ್ತಳು.